ನಲವತ್ತು ಸೆಂಟಿಮೀಟರು

ಪೈಪ್ಸಿ ಸರೋವರದ ಪಡುದಂಡೆ. ಒಂದೇ ಬೀದಿಯ ಊರು.
ಸೂರಿನುದ್ದಕ್ಕೂ ಈರುಳ್ಳಿಯನ್ನು ಜಡೆ ಹೆಣೆದು ತೂಗಿಬಿಟ್ಟ ಮನೆಗಳು.
ಹನ್ನೊಂದನೆಯದನ್ನು ಅಳೆದು ಬಾ ಎಂದಿತ್ತು ಟಾರ್ಟುವಿನ ಕಚೇರಿ:
ಒಂದಕ್ಕೆ ಐವತ್ತರ ನಕ್ಷೆ, ಮೂರು ಪ್ರತಿ, ಶುಕ್ರವಾರದೊಳಗೆ.

ಟೇಪಿನ ಒಂದು ತುದಿ ಉಸ್ತಿನ್ಯಾ ಹಿಡಿದಳು, ಇನ್ನೊಂದು ನಾನು.
ಅವಳ ಕೈಯ ಹೊಗೆಮೀನಿನ ವಾಸನೆ
ಟೇಪಿನಗುಂಟ ಹರಿದು ನನ್ನ ತುದಿಗೂ ಬಂತು.
ಬಾಗಿಲು, ಎಂಬತ್ತೆರಡು. ಕಿಟಕಿ, ಅರವತ್ತು.
ಒಲೆ, ಎರಡು ಮೀಟರಿಗೆ ಒಂದೂ ಮುಕ್ಕಾಲು.
"ಬೆಚ್ಚಗೆ ಎಲ್ಲಿಯವರೆಗೆ, ಅದನ್ನು ಬರೆದುಕೊಳ್ಳಲಿಲ್ಲ ನೀನು."
ನಾನು ನಕ್ಕೆ. ಅವಳು ನಗಲಿಲ್ಲ.

ಚಹಾಕ್ಕೆ ಕರೆದು, ಸಕ್ಕರೆ ಹರಳು ಹಲ್ಲಲ್ಲಿ ಕಚ್ಚಿಕೊಂಡು
ನನ್ನ ನಕ್ಷೆಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗು ಮಾಡಿ ನೋಡಿದಳು.
"ಮೇಲಿಂದ ನೋಡಿದ ಹಾಗಿದೆ. ಮೇಲೆ ಯಾರಿದ್ದರು?
ಮಾಡು ಕಿತ್ತವರು ಯಾರು?"
ಪೆನ್ಸಿಲ್ ಕಸಿದುಕೊಂಡಳು. ಈರುಳ್ಳಿ ಸುತ್ತುವ ಕಂದು ಕಾಗದ ಹರಡಿದಳು.

ಮೊದಲು ಒಲೆ. ಅರ್ಧ ಕಾಗದ ಅದೇ ನುಂಗಿತು.
ಅದರ ಬೆನ್ನ ಮೇಲೆ ಅಡ್ಡಡ್ಡ ನಾಲ್ಕು ಗೆರೆ, ನಾಲ್ಕು ಮಕ್ಕಳು;
ಎರಡನೆಯದು ತಾನಂತೆ, ಕೆಮ್ಮುತ್ತಿದೆಯಂತೆ.
ಮೂಡಣ ಮೂಲೆಯ ದೇವರಪಟಕ್ಕೆ ಒಂದೇ ಚುಕ್ಕೆ.
ಅದರ ಹತ್ತಿರ ಹೋಗುವಾಗ ಪೆನ್ಸಿಲ್ ಮೆಲ್ಲಗಾಯಿತು.
ಹಿತ್ತಿಲ ಬಾಗಿಲಿಗೆ ಆನಿಸಿಯೇ ಸರೋವರ,
ನಾನು ಇನ್ನೂರ ಹತ್ತು ಹೆಜ್ಜೆ ಎಣಿಸಿದ್ದೆ.
"ಅದು ಬೇಸಿಗೆಯ ಲೆಕ್ಕ. ತಮ್ಮ ಯೆವ್ಸೇ ಮಂಜುಗಡ್ಡೆಯ ಮೇಲೆ
ಬಲೆ ಹೊತ್ತು ಹೋದ ರಾತ್ರಿ
ಗಡ್ಡೆ ಬಿರಿಯುವ ಸದ್ದು ಈ ಬಟ್ಟಲಲ್ಲೇ ಕೇಳುತ್ತೆ."
ಬಟ್ಟಲನ್ನು ನೋಡಿದೆ. ಚಹಾ ಅಲುಗದೆ ಕೂತಿತ್ತು.

ಬಡಗಣ ಗೋಡೆಗೆ ಬಂದಾಗ ಗೆರೆ ಎರಡಾಯಿತು, ಮೂರಾಯಿತು,
ಪೆನ್ಸಿಲ್ ಮಗ್ಗುಲಾಗಿ ಉಜ್ಜಿ ಉಜ್ಜಿ ಕಪ್ಪಾಯಿತು.
ಚಳಿ, ಎಂದುಕೊಂಡೆ.
ಚಳಿ ಬರುವ ದಿಕ್ಕನ್ನು ಕೈ ದಪ್ಪಗೆ ಬರೆಯುತ್ತದೆ;
ಮೈಯೇ ಮೊದಲ ಅಳತೆಗೋಲು, ಇರವೇ ಮೊದಲ ಮನೆ,
ಹೀಗೇನೋ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು
ಪಾಸೂ ಆಗಿದ್ದೆ.

ರಾತ್ರಿ ವಸತಿಗೃಹದಲ್ಲಿ ಅಂಕಿ ಕೂಡಿಸಿದೆ.
ಹೊರಗಿನ ಉದ್ದ ಹನ್ನೊಂದು ಮೀಟರು ಇಪ್ಪತ್ತು.
ಒಳಗಿನದು, ಗೋಡೆಗಳ ದಪ್ಪ ಸೇರಿಸಿಯೂ, ಹತ್ತು ಎಂಬತ್ತು.
ಟೇಪು ಜಗ್ಗಿರಬೇಕು. ಕೈ ತಪ್ಪಿರಬೇಕು.
ಮೀನಿನ ವಾಸನೆಗೆ ತಲೆ ಕೆಟ್ಟಿರಬೇಕು.
ಮತ್ತೆ ಕೂಡಿಸಿದೆ. ಇಲ್ಲ:
ನಲವತ್ತು ಸೆಂಟಿಮೀಟರು ಆ ಬಡಗಣ ಗೋಡೆಯಲ್ಲೆಲ್ಲೋ
ಉಸಿರು ಬಿಗಿಹಿಡಿದು ನಿಂತಿದೆ.

ಬೆಳಗ್ಗೆ ಹೋಗಿ ಬೆರಳ ಗೆಣ್ಣಿನಿಂದ ತಟ್ಟಿದೆ.
ಹಲಗೆ ಟೊಳ್ಳು ದನಿಯಲ್ಲಿ ಓಗೊಟ್ಟಿತು.
ಈರುಳ್ಳಿ ಸಿಪ್ಪೆ ಗುಡಿಸುತ್ತಿದ್ದ ಪೊರಕೆ ನಿಂತಿತು.
"ಗೋಡೆ," ಎಂದಳು ಉಸ್ತಿನ್ಯಾ.
ತುಸು ಹೊತ್ತು ಬಿಟ್ಟು, ಪೊರಕೆಗೆ ಹೇಳುವಂತೆ:
"ಪುಸ್ತಕ ಇಟ್ಟುಕೊಂಡವರನ್ನು ಎಳೆದೊಯ್ಯುವ ಕಾಲ ಒಂದಿತ್ತು.
ಎರಡು ಹಗಲು ಹುಡುಕಿದರು. ನೆಲದ ಹಲಗೆ ಎಬ್ಬಿಸಿದರು.
ಅವರ ಹತ್ತಿರ ಒಳ್ಳೆಯ ನಕ್ಷೆಯಿತ್ತು."

ಈಗ ಒಳಗೇನಿದೆ, ನಾನು ಕೇಳಲಿಲ್ಲ.
ಇರಬಹುದು. ಇಲಿ ಓದಿ ಮುಗಿಸಿರಲೂಬಹುದು.

ಬಸ್ಸಿನುದ್ದಕ್ಕೂ ಕಂದು ಕಾಗದ ತೊಡೆಯ ಮೇಲೆ.
ಆ ಕಪ್ಪನ್ನು ಸವರಿದ ನನ್ನ ಹೆಬ್ಬೆರಳೂ ಕಪ್ಪಾಯಿತು.
ಬಾಯಿ ಬಿಡುವ ಒಂದು ದಿನ ಮೊದಲೇ
ಅವಳು ಎಲ್ಲ ಹೇಳಿಬಿಟ್ಟಿದ್ದಳು,
ನಾನದನ್ನು ಹವಾಮಾನವೆಂದು ಓದಿದ್ದೆ.

ಒಂದಕ್ಕೆ ಐವತ್ತರಲ್ಲಿ ನಲವತ್ತು ಸೆಂಟಿಮೀಟರೆಂದರೆ
ಎಂಟು ಮಿಲಿಮೀಟರು, ಕಿರುಬೆರಳ ಉಗುರಿನಷ್ಟು ಜಾಗ.
ಓರೆಗೆರೆ ಎಳೆದೆಳೆದು ತುಂಬಿದೆ, ತೊಲೆಯ ಗೋಡೆ ಎಂಬಂತೆ;
ಹದಿಮೂರು ವರ್ಷದ ಕೆಲಸದಲ್ಲಿ ನನ್ನ ಮೊದಲ ಸುಳ್ಳು ಗೆರೆ,
ಅಷ್ಟು ನೇರವಾಗಿ ಹಿಂದೆಂದೂ ಎಳೆದಿರಲಿಲ್ಲ.

ಶುಕ್ರವಾರ ಹೆಲ್ದುರ್ ಕನ್ನಡಕ ಹಣೆಗೇರಿಸಿ ಕೇಳಿದ:
"ಈ ಗೋಡೆ ಇಷ್ಟು ದಪ್ಪವೇ?"

ಹೌದೆಂದೆ. ಅಲ್ಲಿ ಬಡಗಾಳಿ
ಬಲು ಕೆಟ್ಟದ್ದು.